ಹೊಳೆಗೆ ಮುಖ ಮಾಡಿದ ಹಾರ್ನು

ಎಪ್ಪತ್ತರ ದಶಕದ ಹಾಡುಗಳ ಬಗ್ಗೆ ಈಗ ಎಲ್ಲರಿಗೂ ಎಲ್ಲವೂ ಗೊತ್ತು. ಬ್ರಹ್ಮಾವರದಿಂದ ಬೈಂದೂರಿನವರೆಗೆ ಯಾವ ಸಭಾಭವನಕ್ಕೆ ಹೋದರೂ ಹಾಡಿನ ಬಳಗದವರ ಒಂದು ಸಂಜೆ ಅದಕ್ಕೆಂದೇ ಮೀಸಲು. ತಲೆಗೆ ಕಪ್ಪು ಹಚ್ಚಿಕೊಂಡ ಗಾಯಕರು, ಕಣ್ಣು ಮುಚ್ಚಿಕೊಂಡ ಪ್ರೇಕ್ಷಕರು, ನಡುವೆ ಒಬ್ಬರು ಎದ್ದು ನಿಂತು "ಆ ಮಾಧುರ್ಯ ಈಗೆಲ್ಲಿ?" ಎಂದು ಕೇಳುವುದು. ಯಾರಿಗೂ ಉತ್ತರ ಬೇಕಾಗಿಲ್ಲ. ಆ ದಶಕವನ್ನು ಅವರೆಲ್ಲ ಅಂಗಳದಲ್ಲಿ ಕುರ್ಚಿ ಹಾಕಿಕೊಂಡು ಕಂಡವರು. ನಾನು ತೆಂಗಿನಮರದ ಮೇಲಿನಿಂದ ಕಂಡವನು. ಮೇಲಿನಿಂದ ಕಾಣುವುದೇ ಬೇರೆ.

ನನ್ನ ಹೆಸರು ಶ್ರೀನಿವಾಸ. ಊರಿಗೆಲ್ಲ ಮೈಕಿನ ಶೀನ. ಕುಂದಾಪುರದ ಒಂದು ಮೈಕ್ ಸೆಟ್ಟಿನ ಅಂಗಡಿಗೆ ಕೆಲಸಕ್ಕೆ ಸೇರಿದೆ, ಆಮೇಲೆ ಅದೇ ಅಂಗಡಿಯನ್ನು ನಡೆಸಿದೆ, ಮಂಡಿ ಮಾತು ಕೇಳದಾದಾಗ ಬಿಟ್ಟೆ. ಈಗ ಈ ಕಸುಬಿಗೆ ಬರುವವರು ತಮ್ಮನ್ನು ಸೌಂಡ್ ಇಂಜಿನಿಯರ್ ಎಂದು ಕರೆದುಕೊಳ್ಳುತ್ತಾರೆ. ಒಳ್ಳೆಯದೇ. ನಮ್ಮನ್ನು ಯಾರಾದರೂ ಹಾಗೆ ಕರೆದಿದ್ದರೆ ಮರ ಹತ್ತುವಾಗ ಸ್ವಲ್ಪ ಗತ್ತಿನಿಂದ ಹತ್ತುತ್ತಿದ್ದೆವು. ಅವರಲ್ಲಿ ಕೆಲವರು ನನ್ನ ಬಳಿ ಬಂದು, ನಿಮ್ಮ ಕಾಲದ ಅನುಭವವನ್ನು ಬರೆದುಕೊಡಿ, ವಿಧಾನಗಳು ಹೇಗೆ ಬದಲಾದವು, ಈ ಕಸುಬಿನಲ್ಲಿ ಯಾರ ಮಾತು ಕೇಳಬೇಕು ಎಂಬುದನ್ನೂ ಹೇಳಿ, ನಮಗೆ ದಾರಿದೀಪವಾಗುತ್ತದೆ ಎಂದರು. ದಾರಿದೀಪದ ಮಾತು ಆಮೇಲೆ ಇರಲಿ. ನಾನು ಬರೆಯಲು ಕೂತದ್ದು ಹಂಗಾರಕಟ್ಟೆಯ ವಾಸುವಿನಿಂದಾಗಿ.

ಹೋದ ಚಳಿಗಾಲದಲ್ಲಿ ವಾಸು ನಮ್ಮ ಮನೆಗೆ ಬಂದ. ಅವನು ಮುಂಬಯಿಯಲ್ಲಿ ಹೋಟೆಲು ನಡೆಸಿ, ವಯಸ್ಸಾದ ಮೇಲೆ ಊರಿಗೆ ಬಂದು ನೆಲೆಸಿದವನು. ನನಗಿಂತ ನಾಲ್ಕಾರು ಮಳೆಗಾಲ ಹೆಚ್ಚು ಕಂಡಿರಬಹುದು, ಆದರೂ ಕೆಲಸ ಬೇಕಾದಾಗ ನಾನು ಅಣ್ಣ. ಬಂದವನು ಕುಳಿತುಕೊಳ್ಳಲೂ ಇಲ್ಲ.

"ಹ್ವಾಯ್ ಶೀನಣ್ಣ, ಆ ಹಳೇ ಹಾರ್ನ್ ಇತ್ತಾ?"

"ಯಾವ್ದ್ ಮಾರಾಯ?"

"ನನ್ ಮದಿಗೆ ಕಟ್ಟಿದ್ದ್. ಬೆಳ್ಳಿ ಬಣ್ಣದ್ದ್."

ಅವನ ಮದುವೆಯ ದಿನ ಮರಕ್ಕೆ ಕಟ್ಟಿದ್ದ ಆ ಅಗಲ ಬಾಯಿಯ ಧ್ವನಿವರ್ಧಕ ಇತ್ತು. ಹಿತ್ತಲಿನಲ್ಲಿ ಅಡ್ಡ ಬಿದ್ದುಕೊಂಡು ಕಾವು ಕೂತ ಕೋಳಿಗೆ ಗೂಡಾಗಿತ್ತು. ಕಲೆಗೆ ಎಂಥ ಆಶ್ರಯ ಸಿಗಬೇಕೋ ಅಂಥದು ಸಿಕ್ಕಿತ್ತು. ಹಾಗೆಂದು ಹೇಳಿದೆ.

"ಕೋಳಿನ ಎಬ್ಸ್ಕ್" ಎಂದ ವಾಸು. "ಹಂಗಾರಕಟ್ಟಿಯಲ್ಲ್ ಎಪ್ಪತ್ತರ ಹಾಡಿನ್ ಸಂಜಿ ಮಾಡ್ಸುದ್. ಬಳಗದವ್ರ್ ಹತ್ರ ಮಾತಾಡಿ ಆಯ್ತ್."

ನನಗೆ ನಗು ಬಂತು. ವಾಸುವಿಗೆ ಶಂಖ ಊದಿದ್ದಕ್ಕೂ ಹಾಡಿಗೂ ವ್ಯತ್ಯಾಸ ತಿಳಿಯುವುದಿಲ್ಲ. ಅವನ ಹೋಟೆಲಿನಲ್ಲಿ ರೇಡಿಯೋ ಸಹ ಇರಲಿಲ್ಲವಂತೆ. ಗಿರಾಕಿಗಳು ಹಾಡು ಕೇಳುತ್ತ ಕೂತರೆ ಮೇಜು ಖಾಲಿಯಾಗುವುದಿಲ್ಲ ಎಂದು. ಅಂಥವನಿಗೆ ಈಗ ಎಲ್ಲಿಂದ ಬಂತು ಈ ಸಂಗೀತಪ್ರೇಮ ಎಂದು ಕೇಳಿದೆ. ಅವನು ಅಂಗಳದ ಕಡೆ ನೋಡುತ್ತ ಹೇಳಿದ:

"ಹಾಡ್ ಎಂತ ಬೇಕಾರೂ ಹಾಕಿ. ಹಾರ್ನ್ ಹೊಳಿ ಬದಿಗ್ ಮೊಕ ಮಾಡ್ಕ್. ಅಕ್ಕ ಬರ್ಕ್."

ವಾಸು ಬರಬೇಕೆಂದ ಅವನ ಅಕ್ಕ ಗಿರಿಜಕ್ಕ ಇರುವುದು ಹೊಳೆಯ ಆಚೆ, ಕೋಡಿ ಬೆಂಗ್ರೆಯಲ್ಲಿ. ಹಂಗಾರಕಟ್ಟೆಯ ದಡದಲ್ಲಿ ನಿಂತರೆ ಅವಳ ಮನೆಯ ಹೆಂಚು ಕಾಣುತ್ತದೆ. ಹಾಗಿದ್ದರೂ ವಾಸುವಿನ ಮದುವೆಯ ದಿನದಿಂದ ಹೋದ ಚಳಿಗಾಲದವರೆಗೆ ಅವಳು ತೌರುಮನೆಯ ಮೆಟ್ಟಿಲು ತುಳಿದಿರಲಿಲ್ಲ. ಅದಕ್ಕೆ ಕಾರಣ ನಮ್ಮ ಕೋಳಿ ಮಲಗಿದ್ದ ಆ ಹಾರ್ನು. ಇದು ಅರ್ಥವಾಗಬೇಕಾದರೆ ಹಾರ್ನಿನ ಮುಖ ಎಂದರೆ ಏನು ಎಂಬುದನ್ನು ಮೊದಲು ಹೇಳಬೇಕು.

ನನಗೆ ಅದನ್ನು ಕಲಿಸಿದವರು ನಮ್ಮ ಅಂಗಡಿಯ ಯಜಮಾನರಾದ ಅಣ್ಣಪ್ಪ ಸಾಹುಕಾರರು. ಅವರಿಗೆ ಕಿವಿ ಸ್ವಲ್ಪ ಮಂದ. ಮೈಕಿನ ಅಂಗಡಿ ಇಟ್ಟದ್ದಕ್ಕೆ ಕಿವಿ ಹೋಯಿತೋ, ಕಿವಿ ಹೋದದ್ದರಿಂದ ಧೈರ್ಯವಾಗಿ ಅಂಗಡಿ ಇಟ್ಟರೋ ಎಂಬುದು ಕೊನೆಯವರೆಗೂ ಇತ್ಯರ್ಥವಾಗಲಿಲ್ಲ. ಸ್ವರ ಸರಿಯಾಗಿ ಬರುತ್ತಿದೆಯೇ ಎಂದು ಅವರು ಪರೀಕ್ಷಿಸುತ್ತಿದ್ದದ್ದು ಅಕ್ಕಪಕ್ಕದ ನಾಯಿಗಳನ್ನು ನೋಡಿ. ನಾಯಿ ಮಲಗಿದ್ದರೆ ಇನ್ನೂ ಏರಿಸಬೇಕು, ಎದ್ದು ಕೂತರೆ ಸಾಕು, ಊಳಿಟ್ಟರೆ ಜಾಸ್ತಿಯಾಯಿತು. ಇಂದು ಇಂಜಿನಿಯರುಗಳಾದ ನೀವು ಹಸಿರು, ಕೆಂಪು ದೀಪ ನೋಡಿ ಮಾಡುವುದೂ ಅದನ್ನೇ.

ಹಾಡುಗಳ ಆಯ್ಕೆಯ ಬಗ್ಗೆ ಈಗ ಬಳಗದವರು ಭಾಷಣ ಮಾಡುವುದನ್ನು ಕೇಳಿದರೆ, ನಾವು ರಸಿಕತೆಯಲ್ಲೇ ಮುಳುಗಿ ಹಾಡು ಹಾಕುತ್ತಿದ್ದೆವು ಎಂದುಕೊಳ್ಳಬೇಕು. ಸಾಹುಕಾರರ ಕಟ್ಟಳೆ ಬೇರೆಯೇ ಇತ್ತು. ಮೊದಲು ಒಂದು ಭಕ್ತಿಗೀತೆ, ದೇವರ ಬಾಯಿ ಮುಚ್ಚಿಸಲು. ಆಮೇಲೆ ಸಿನಿಮಾ ಹಾಡು. ಊಟದ ಪಂಕ್ತಿ ಕೂತಾಗ ಓಟದ ಹಾಡು, ಜನ ಬೇಗ ಉಂಡು ಏಳುತ್ತಾರೆ, ಎರಡನೇ ಪಂಕ್ತಿಯವರು ಕಾಯಬೇಕಾಗಿಲ್ಲ. ಹೆಣ್ಣು ಕಳಿಸುವಾಗ ಅಳುವ ಹಾಡು. ಅಷ್ಟರಲ್ಲಿ ಅಳುವವರಿಗೆ ಸುಸ್ತಾಗಿರುತ್ತದೆ, ಹಾಡು ಅವರ ಪರವಾಗಿ ಅಳುತ್ತದೆ. ಇಂದು ಯಾರೋ ಒಬ್ಬರು ವೇದಿಕೆಯಲ್ಲಿ ಒಂದು ಹಾಡನ್ನು ಹಾಡಿ ಎದೆ ಹಿಡಿದುಕೊಳ್ಳುವಾಗ ನನಗೆ ನೆನಪಾಗುವುದು ಸಾರಿನ ಬಾಲ್ದಿ ಹಿಡಿದು ಓಡುವವರು.

ಆದರೆ ಸಾಹುಕಾರರು ನಿಜವಾಗಿ ತಲೆ ಕೆಡಿಸಿಕೊಳ್ಳುತ್ತಿದ್ದದ್ದು ಹಾಡಿನ ಬಗ್ಗೆ ಅಲ್ಲ.

"ಹಾಡ್ ಯಾರಿಗ್ ಬೇಕ್ ಮಾರಾಯ? ಮೊಕ ಸಮಾ ಕಟ್ಟ್" ಎನ್ನುತ್ತಿದ್ದರು.

ನಮ್ಮ ಕಡೆ ಆಗ ಹಾಗೊಂದು ಲೆಕ್ಕಾಚಾರವಿತ್ತು. ಮದುವೆಯ ಮನೆಯ ತೆಂಗಿನಮರದಲ್ಲಿ ಕಟ್ಟಿದ ಹಾರ್ನು ಯಾವ ಮನೆಯ ಕಡೆ ಮುಖ ಮಾಡಿದೆಯೋ ಆ ಮನೆಗೆ ಹೇಳಿಕೆ, ಅಂದರೆ ಊಟದ ಕರೆ, ಇದೆ ಎಂದು ಅರ್ಥ. ಬಾಯಿಮಾತಿನ ಹೇಳಿಕೆ ಮೊದಲೇ ಆಗಿರುತ್ತದೆ, ಹಾರ್ನು ಅದಕ್ಕೆ ಮೊಹರು ಒತ್ತುವುದು. ಮಾತು ಬಿಟ್ಟವರ ಮನೆಯ ಕಡೆಗೆ ಹಾರ್ನಿನ ಬೆನ್ನು. ಹಾಗಾಗಿ ನಾವು ಹೋದೊಡನೆ ಮರವನ್ನು ನೋಡುತ್ತಿರಲಿಲ್ಲ, ಯಜಮಾನನನ್ನು ಬದಿಗೆ ಕರೆದು ಯಾರ ಹತ್ತಿರ ಜಗಳ ಎಂದು ಕೇಳುತ್ತಿದ್ದೆವು. ಈಗ ನೀವು ಹೋದೊಡನೆ ಪ್ಲಗ್ ಎಲ್ಲಿದೆ ಎಂದು ಕೇಳುತ್ತೀರಲ್ಲ, ಹಾಗೆ.

ನಾನು ಒಬ್ಬನೇ ಹೋದ ಮೊದಲ ಮದುವೆ ಶಂಕರನಾರಾಯಣದಲ್ಲಿ. ಎರಡು ಮನೆ, ನಡುವೆ ಒಂದು ತೋಡು. ತೋಡಿನ ನೀರು ಯಾರದ್ದು ಎಂದು ದಾಯಾದಿಗಳಲ್ಲಿ ಮಾತು ನಿಂತಿತ್ತು. ಯಜಮಾನ ಒಳಗೆ ಬಿಜಿ, ನನಗೆ ಕೇಳಲು ಹೆದರಿಕೆ. ಮರ ಯಾವ ಕಡೆ ವಾಲಿತ್ತೋ ಆ ಕಡೆಗೆ ಸುಲಭವಾಗಿ ಕಟ್ಟಿ ಇಳಿದೆ. ಭಕ್ತಿಗೀತೆ ಮುಗಿಯುವುದರೊಳಗೆ ತೋಡಿನ ಆಚೆಯ ಮನೆಯವರು ಅಜ್ಜಿಯಿಂದ ಹಿಡಿದು ತೊಟ್ಟಿಲ ಕೂಸಿನವರೆಗೆ ಜರಿಸೀರೆ, ಪಂಚೆ ಉಟ್ಟು ಸಾಲಾಗಿ ಸಂಕದ ಕಾಲುಸೇತುವೆ ದಾಟಿ ಬಂದರು.

ಅಜ್ಜಿ ಮೊದಲ ಪಂಕ್ತಿಯಲ್ಲೇ ಕೂತು ಯಜಮಾನನಿಗೆ ಹೇಳಿದರು: "ಹಾರ್ನ್ ಕರ್ದಿತಲ್ಲೆ ಮಾಣಿ. ಬರ್ದೆ ಇಪ್ಪುಕೆ ನಾವೆಂತ ಹಗೆಗಳಾ?"

ಪಾಯಸ ಸಾಲಲಿಲ್ಲ. ಕೊನೆಯ ಪಂಕ್ತಿಯಲ್ಲಿ ಕೂತ ಗಂಡಿನ ಕಡೆಯವರಿಗೆ ತೆಂಗಿನಕಾಯಿ ಹಾಲಿನಲ್ಲಿ ಅಲ್ಲೊಂದು ಇಲ್ಲೊಂದು ಬೇಳೆ ಈಜಾಡುತ್ತಿತ್ತು. ಯಜಮಾನ ನನಗೆ ಬೈದ ಬೈಗುಳ ಬರೆಯುವಂಥದ್ದಲ್ಲ. ಸಾಹುಕಾರರು ಬೈಗುಳವನ್ನೆಲ್ಲ ಶಾಂತವಾಗಿ ಆಲಿಸಿದರು. ಕೇಳಿಸದಿರುವುದರಲ್ಲಿ ಅಂಥ ಅನುಕೂಲಗಳಿವೆ. ತೋಡಿನ ಜಗಳ ಮರುವರ್ಷ ಪುನಃ ಶುರುವಾಯಿತು, ಆದರೆ ಆ ಎರಡು ಮನೆಗಳ ನಡುವೆ ಊಟದ ಹೇಳಿಕೆ ಮಾತ್ರ ಆಮೇಲೆ ನಿಲ್ಲಲಿಲ್ಲ.

ಇನ್ನು ಮಾಧುರ್ಯದ ಬಗ್ಗೆ. ಯಡ್ತರೆಯಲ್ಲಿ ಒಂದು ಮನೆಯ ಪೂಜೆಗೆ ಹೋದಾಗ ರೆಕಾರ್ಡಿನ ಪೆಟ್ಟಿಗೆಯನ್ನು ಜಗಲಿಯ ಅಂಚಿನಲ್ಲಿಟ್ಟು ಊಟಕ್ಕೆ ಕೂತೆ. ಏಳುವುದರೊಳಗೆ ಬಿಸಿಲು ಅಲ್ಲಿಗೆ ಬಂದು ರೆಕಾರ್ಡುಗಳೆಲ್ಲ ಹಪ್ಪಳದ ಹಾಗೆ ಏರಿಳಿದಿದ್ದವು. ಬೇರೆ ದಾರಿಯಿಲ್ಲದೆ ಒಂದನ್ನು ಹಾಕಿದೆ. ಗಾಯಕರ ಸ್ವರ ಹೊಳೆ ಸಮುದ್ರ ಸೇರುವ ಅಳಿವೆ ಬಾಯಿಯಲ್ಲಿ ದೋಣಿ ಹೋದ ಹಾಗೆ ಮೇಲೆ ಹೋಗುವುದು, ಕೆಳಗೆ ಬೀಳುವುದು. ಮನೆಯವರು ಓಡಿಸುತ್ತಾರೆ ಎಂದು ನಾನು ವಯರು ಸುತ್ತಲು ಸಿದ್ಧನಾಗಿದ್ದೆ. ಜಗಲಿಯಲ್ಲಿ ಎಲೆಯಡಿಕೆಯ ಕವಳ ಜಗಿಯುತ್ತಿದ್ದ ಹಿರಿಯರೊಬ್ಬರು ಕೈಯೆತ್ತಿ ನನ್ನನ್ನು ತಡೆದರು.

"ಇದೆಂತ ರಾಗ ಮಾಣಿ? ಹೊಟ್ಟಿ ಒಳ್ಗೆ ಹೋಯಿ ಹಿಡಿತ್ತ್. ಇನ್ನೊಂದ್ ಸಲ ಹಾಕ್."

ಮೊನ್ನೆ ಮೊನ್ನೆ ಬೈಂದೂರಿನ ಒಂದು ಕಾರ್ಯಕ್ರಮದಲ್ಲಿ ಅದೇ ಮನೆಯವರೊಬ್ಬರು ಸಿಕ್ಕಿ, ಆ ಹಾಡಿನಲ್ಲಿದ್ದ ಗಮಕ ಈಗಿನ ಗಾಯಕರಿಗೆ ಎಷ್ಟು ತಲೆಕೆಳಗಾಗಿ ನಿಂತರೂ ಬರುವುದಿಲ್ಲ ಎಂದರು. ನಾನು ಒಪ್ಪಿದೆ. ಬರಬೇಕಾದರೆ ಗಾಯಕರನ್ನು ಯಡ್ತರೆಯ ಬಿಸಿಲಿನಲ್ಲಿ ಒಣಗಲು ಇಡಬೇಕು.

ಹಾಡಿನ ಬಳಗದ ಅಧ್ಯಕ್ಷರಾದ ಸದಾನಂದ ಮಾಸ್ಟ್ರನ್ನೂ ಇಲ್ಲೇ ಪರಿಚಯ ಮಾಡಿಬಿಡುತ್ತೇನೆ, ಮುಂದೆ ಬೇಕಾಗುತ್ತಾರೆ. ಈಗ ಬ್ರಹ್ಮಾವರದಲ್ಲಿದ್ದಾರೆ. ಎಪ್ಪತ್ತರ ಹಾಡೆಂದರೆ ಪ್ರಾಣ. ಎಪ್ಪತ್ತರ ದಶಕದಲ್ಲಿ ಮಾತ್ರ ಅವರಿಗೆ ಎಪ್ಪತ್ತರ ಹಾಡು ಕಂಡರೆ ಆಗುತ್ತಿರಲಿಲ್ಲ. ಆಗ ಅವರು ಕುಂದಾಪುರದ ಬಳಿ ಹೊಸದಾಗಿ ಕೆಲಸಕ್ಕೆ ಸೇರಿದ್ದರು. ಪರೀಕ್ಷೆಯ ಸಮಯದಲ್ಲಿ ನಮ್ಮ ಅಂಗಡಿಗೆ ಬಂದು, "ಈ ದರಿದ್ರ ಸಿನಿಮಾ ಹಾಡುಗಳಿಂದ ಒಂದು ತಲೆಮಾರೇ ಹಾಳಾಗುತ್ತಿದೆ" ಎಂದು ಕೂಗಾಡುತ್ತಿದ್ದರು. ಸಾಹುಕಾರರು ನಕ್ಕು ತಲೆಯಾಡಿಸಿ ಅವರಿಗೆ ಚಾ ತರಿಸುತ್ತಿದ್ದರು. ಒಂದು ಸಲ ಸಹನೆ ಮೀರಿ ಮಾಸ್ಟ್ರು ಪಕ್ಕದ ಮನೆಯ ನಾಮಕರಣದಲ್ಲಿ ಮರಕ್ಕೆ ಕಲ್ಲೆಸೆದರು. ಗುರಿ ಚೆನ್ನಾಗಿತ್ತು. ಬೆಳ್ಳಿ ಬಣ್ಣದ ಹಾರ್ನಿನ ಅಂಚು ನೆಗ್ಗಿತು.

ವಿಧಾನಗಳು ಬದಲಾದ ಬಗ್ಗೆಯೂ ಬರೆಯಬೇಕಂತೆ. ಬದಲಾದವು. ಮುಂಬಯಿಯಿಂದ ರಜೆಗೆ ಬಂದವರು ಹೆಗಲ ಮೇಲೆ ಟೇಪ್ ರೆಕಾರ್ಡರ್ ಹೊತ್ತು ಬಸ್ಸಿನಿಂದ ಇಳಿಯತೊಡಗಿದರು, ಮಗುವನ್ನು ಹೆಂಡತಿಯ ಕೈಗೆ ಕೊಟ್ಟು. ಕ್ಯಾಸೆಟ್ಟು ಬಂತು, ರೆಕಾರ್ಡುಗಳನ್ನು ನಾವು ಮಾವಿನಮರದಲ್ಲಿ ಬಾವಲಿ ಓಡಿಸಲು ನೇತುಹಾಕಿದೆವು. ಸಿಡಿ ಬಂತು, ಕ್ಯಾಸೆಟ್ಟಿನ ರೀಲು ಗದ್ದೆಗೆ ಬಂತು. ದೊಡ್ಡ ಪೆಟ್ಟಿಗೆಯ ಸ್ಪೀಕರುಗಳು ಬಂದವು, ಅವು ಅಂಗಳದೊಳಗಿನವರಿಗೆ ಮಾತ್ರ, ಆದರೆ ಅವರಿಗೆ ಸಾಕುಸಾಕಾಗುವಷ್ಟು. ಈಗ ಹಾಡೆಲ್ಲ ಕಿವಿಯೊಳಗೇ ಇದೆ, ಪಕ್ಕದಲ್ಲಿ ಕೂತವನಿಗೆ ಹೇಳಿಕೆ ಇಲ್ಲ. ಯಾವುದು ಒಳ್ಳೆಯದು ಎಂದು ನನ್ನನ್ನು ಕೇಳಬೇಡಿ. ಮರ ಹತ್ತಬೇಕಾಗಿಲ್ಲದ್ದೆಲ್ಲ ಒಳ್ಳೆಯದೇ.

ಇನ್ನು ವಾಸುವಿನ ಮದುವೆ.

ಅವನ ಅಪ್ಪ ನಾಗಪ್ಪ ಮೇಸ್ತ್ರಿ ಹಂಗಾರಕಟ್ಟೆಯಲ್ಲಿ ಮರದ ದೋಣಿ ಕಟ್ಟುವವರು. ಕೈ ಚಿನ್ನದಂಥದು, ಬಾಯಿ ಉಳಿಯಂಥದು. ಗಿರಿಜಕ್ಕನಿಗೆ ಅವರೊಂದು ಸಂಬಂಧ ನೋಡಿದ್ದರು. ಅವಳು ಅದನ್ನು ಬಿಟ್ಟು ಹೊಳೆಯಾಚೆ ಬಲೆ ಹಾಕುವವನೊಬ್ಬನನ್ನು ತಾನೇ ಮೆಚ್ಚಿ ಮದುವೆಯಾದಳು. ಅಂದಿನಿಂದ ಮೇಸ್ತ್ರಿಯವರು, "ಹೊಳಿಯಾಚಿಗ್ ನಮ್ಗ್ ಯಾರೂ ಇಲ್ಲೆ" ಎಂದು ಎಲ್ಲರಿಗೂ ಹೇಳಿದರು. ಕೇಳದವರಿಗೂ ಹೇಳಿದರು.

ಮದುವೆಯ ದಿನ ಬೆಳಿಗ್ಗೆ ನಾನು ಮರದ ಬುಡದಲ್ಲಿ ಹಗ್ಗ ಬಿಚ್ಚುತ್ತಿದ್ದಾಗ ವಾಸು ಅರಶಿನ ಮೆತ್ತಿದ ಮೈಯಲ್ಲೇ ಬಂದ.

"ಶೀನ, ಹೊಳಿ ಬದಿಗ್ ಕಟ್ಟ್. ಅಪ್ಪಯ್ಯ ಕೇಂಡ್ರೆ ಮರ ಅತ್ಲಾಗ್ ವಾಲಿತ್ ಅಂದೇಳಿ ಹೇಳ್."

ಮರವೇನೋ ನೆಟ್ಟಗೆ ಕಂಬದಂತಿತ್ತು. ನಾನು ಹತ್ತಿ ಕಟ್ಟಿದೆ. ಬೆಳಗಿನ ಗಾಳಿ ನಮ್ಮಲ್ಲಿ ನೆಲದಿಂದ ಸಮುದ್ರದ ಕಡೆ ಬೀಸುತ್ತದೆ. ಭಕ್ತಿಗೀತೆ ಹೊಳೆ ದಾಟಿ ನೆಟ್ಟಗೆ ಬೆಂಗ್ರೆಗೆ ಹೋಯಿತು. ಸ್ವಲ್ಪ ಹೊತ್ತಿನಲ್ಲಿ ಆಚೆ ದಡದಿಂದ ಒಂದು ದೋಣಿ ಹೊರಟಿತು. ಗಂಡ ಹುಟ್ಟು ಹಾಕುತ್ತಿದ್ದಾನೆ, ಕೆಂಪು ಸೀರೆ ಉಟ್ಟು ಗಿರಿಜಕ್ಕ ಮುಂದೆ ಕೂತಿದ್ದಾಳೆ. ತಮ್ಮನ ಮದುವೆಗೆ ತನಗೆ ಹೇಳಿಕೆ ಬಂತು ಎಂದು ಅವಳು ಹೊರಟದ್ದು.

ಅಂಗಳದಲ್ಲಿ ಯಾರೋ, "ಗಿರಿಜೆ ಬಪ್ಪುದ್ ಕಾಣಿ" ಎಂದರು.

ಮೇಸ್ತ್ರಿಯವರು ಹೊಳೆಯ ಕಡೆ ನೋಡಿದರು, ಆಮೇಲೆ ಮರದ ಕಡೆ ನೋಡಿದರು. ನನ್ನನ್ನು ಏನೂ ಕೇಳಲಿಲ್ಲ. ಹೊಸ ಪಂಚೆಯನ್ನು ಎತ್ತಿ ಕಟ್ಟಿ, ಹೆಗಲ ಶಾಲನ್ನು ನೆಲಕ್ಕೆ ಹಾಕಿ, ನೆಂಟರೆಲ್ಲ ನೋಡುತ್ತಿದ್ದಂತೆ ತೆಂಗಿನಮರ ಹತ್ತಿದರು. ಜೀವಮಾನವೆಲ್ಲ ದೋಣಿಯ ಕಂಬ ಹತ್ತಿದವರಿಗೆ ಅದೇನು ಕಷ್ಟ? ತಮ್ಮ ಕೈಯಾರೆ ಹಾರ್ನನ್ನು ಹಿಡಿದು ತಿರುಗಿಸಿ, ಅದರ ಬೆನ್ನನ್ನು ಹೊಳೆಗೆ ಮಾಡಿ ಇಳಿದರು. ದೋಣಿ ನಡುಹೊಳೆಯಲ್ಲಿ ಹಾಗೇ ನಿಂತಿತು. ಆಮೇಲೆ ತಿರುಗಿ ಬಂದ ದಾರಿಯಲ್ಲೇ ಹೋಯಿತು. ವಾಸು ಅಷ್ಟರಲ್ಲಿ ಮಂಟಪದಲ್ಲಿ ಮಾಲೆ ಹಾಕಿಕೊಂಡು ಕೂತಿದ್ದ. ನೋಡಿದ, ತಲೆ ತಗ್ಗಿಸಿದ, ಏಳಲಿಲ್ಲ.

ಆಗ ಯಾವ ಹಾಡು ಬರುತ್ತಿತ್ತು ಎಂದು ಬಳಗದವರು ಆಸೆಯಿಂದ ಕೇಳಿದ್ದರು. ನನಗೆ ನೆನಪಿಲ್ಲ. ಕೆಂಪು ಸೀರೆ ಹಿಂದಕ್ಕೆ ಹೋಗಿ ಹೋಗಿ ಚಿಕ್ಕದಾದದ್ದು ನೆನಪಿದೆ. ಆ ದಿನ ಪಾಯಸ ಬೇಕಾದಷ್ಟಿತ್ತು, ನನಗೆ ಇಳಿಯಲಿಲ್ಲ.

ಮೇಸ್ತ್ರಿಯವರು ತೀರಿಕೊಂಡರು, ಗಿರಿಜಕ್ಕ ಬರಲಿಲ್ಲ. ವಾಸು ಮುಂಬಯಿಯಲ್ಲೇ ಉಳಿದ. ಊರಿಗೆ ಬಂದು ನೆಲೆಸಿದ ಮೇಲೆ ಬಾರ್ಜಿನಲ್ಲಿ ಹೊಳೆ ದಾಟಿ ಅಕ್ಕನ ಮನೆಗೆ ಹೋದ. ಗಂಡ ಇಲ್ಲವಾಗಿದ್ದ, ಅವಳು ಗಟ್ಟಿಯಾಗಿದ್ದಳು. ಕಾಣೆ ಮೀನಿನ ಸಾರು ಮಾಡಿ ತಮ್ಮನಿಗೆ ಬಡಿಸಿದಳು. ಅವನು ಮನೆಗೆ ಕರೆದಾಗ ಹೇಳಿದ್ದಿಷ್ಟು:

"ಅಪ್ಪಯ್ಯ ತಿರುಗ್ಸ್ದ್ ಸಮ. ಅವ್ರ್ ಹಟದವ್ರ್, ನಾನೂ ಅವ್ರ್ ಮಗ್ಳೇ. ಆರೆ ನೀನೆಂತ ಮಾಡ್ದೆ? ಮಾಲಿ ಹಾಯ್ಕಂಡ್ ಕೂತಿದ್ದೆ. ಎದ್ದ್ ಹೋಯಿ ತಿರುಗ್ಸುಕೆ ನಿಂಗೆ ಕಾಲಿರ್ಲಿಲ್ಯಾ? ಆ ಹಾರ್ನ್ ತಿರ್ಗಿ ಇತ್ಲಾಗ್ ಮೊಕ ಮಾಡ್ಲಿ, ಅಂದ್ ಬತ್ತೆ."

ಹಾರ್ನು ಗುಜರಿಗೆ ಹೋಗಿ ಯಾವ ಕಾಲವಾಯಿತೋ ಎಂಬ ಧೈರ್ಯ ಅವಳಿಗೆ. ನಮ್ಮ ಕೋಳಿಯ ವಿಷಯ ಅವಳಿಗೆ ತಿಳಿದಿರಲಿಲ್ಲ.

ಹೀಗೆ ಹಂಗಾರಕಟ್ಟೆಯಲ್ಲಿ ಎಪ್ಪತ್ತರ ಸಂಜೆ ಏರ್ಪಾಡಾಯಿತು. ನಾನು ಕೋಳಿಯನ್ನು ಬುಟ್ಟಿಗೆ ವರ್ಗಾಯಿಸಿ, ಹಾರ್ನನ್ನು ತೊಳೆದು, ಹೊಸದಾಗಿ ಬೆಳ್ಳಿ ಬಣ್ಣ ಬಳಿದು, ಅಟ್ಟದಲ್ಲಿದ್ದ ಹಳೆಯ ಆಂಪ್ಲಿಫೈಯರು, ರೆಕಾರ್ಡ್ ಪ್ಲೇಯರುಗಳನ್ನೂ ಕಟ್ಟಿಕೊಂಡು ಹೋದೆ. ವಾಸುವಿನ ಮನೆಗೆ ತಾಗಿದ, ದೋಣಿ ಕಟ್ಟುವ ಹಳೆಯ ಜಾಗದಲ್ಲೇ ಸಭೆ. ಸೂರ್ಯ ಮುಳುಗುವುದು ಗಾಯಕರ ಹಿಂದೆ ಫೋಟೋದಲ್ಲಿ ಬರಬೇಕೆಂದು ವೇದಿಕೆಯ ಬೆನ್ನು ಹೊಳೆಗೆ. ಆಳೆತ್ತರದ ಸ್ಪೀಕರುಗಳ ಮುಖ ರಸ್ತೆಗೆ. ನನ್ನ ಹಾರ್ನನ್ನು ಸೌಂಡ್ ಇಂಜಿನಿಯರ್ ಕೈಯಲ್ಲಿ ತಿರುಗಿಸಿ ನೋಡಿ, ಬಣ್ಣದ ದೀಪದ ಸರ ಸುತ್ತಿ, ರಿಪೇರಿಗೆ ನಿಂತ ದೋಣಿಯೊಂದರ ಹಿಂಬದಿಯ ಕಂಬಕ್ಕೆ ಸಭೆಯ ಕಡೆ ಮುಖ ಮಾಡಿ ಕಟ್ಟಿಸಿದ. ಅದರ ಕೆಳಗೆ ನಿಂತು ಜನ ಸೆಲ್ಫಿ ತೆಗೆದುಕೊಳ್ಳಬೇಕಂತೆ. ವಯರು ಕೊಡುವ ಯೋಚನೆ ಯಾರಿಗೂ ಇರಲಿಲ್ಲ.

ಸದಾನಂದ ಮಾಸ್ಟ್ರು ಬಂದು ಹಾರ್ನನ್ನು ಭಕ್ತಿಯಿಂದ ಮುಟ್ಟಿದರು. ಅಂಚಿನ ನೆಗ್ಗು ಕೈಗೆ ತಾಗಿತು. "ನೋಡಿ, ಕಾಲ ಮಾಡಿದ ಗಾಯ" ಎಂದು ಪಕ್ಕದವರಿಗೆ ತೋರಿಸಿದರು. ಅವರ ಕಣ್ಣು ಒದ್ದೆಯಾಗಿತ್ತು. ಕಾಲದ ಗುರಿಯೂ ಚೆನ್ನಾಗಿಯೇ ಇತ್ತು ಎಂದೆ ನಾನು. ಅವರಿಗೆ ಅದು ಕವಿತೆಯಂತೆ ಕೇಳಿಸಿತು.

ವಾಸು ಅವರ ಬಳಿ ಹೋಗಿ ಹಾರ್ನು ಹೊಳೆಯ ಕಡೆ ತಿರುಗಬೇಕು ಎಂದ.

"ಅದು ಅಲಂಕಾರಕ್ಕೆ ಮಾತ್ರ ವಾಸು ಅವರೇ. ಪ್ರೇಕ್ಷಕರೆಲ್ಲ ಈಚೆ ಇರುವಾಗ ಹೊಳೆಗೆ ಯಾಕೆ ಹಾಡು?" ಎಂದರು ಮಾಸ್ಟ್ರು, ಮತ್ತು ಸ್ವಾಗತ ಭಾಷಣಕ್ಕೆ ಹೋದರು.

ನನಗೆ ಬೇರೆ ಚಿಂತೆ. ನಾನು ವಾಸುವನ್ನು ಬದಿಗೆ ಕರೆದೆ.

"ವಾಸು, ಒಂದ್ ಮಾತ್ ಹೇಳ್ತೆ. ಈಗ ಸಂಜಿ. ಗಾಳಿ ಸಮುದ್ರದ್ ಬದಿಂದ ಬೀಸುದ್. ಎಷ್ಟ್ ಜೋರ್ ಹಾಕಿರೂ ಹಾಡ್ ಅಕ್ಕನ್ ಮನಿಗ್ ಮುಟ್ಟುದಿಲ್ಲ. ಬೆಳಿಗ್ಗೆ ಆಯಿದ್ರೆ ಮುಟ್ತಿತ್ತ್."

ಬೆಳಿಗ್ಗೆ ಇಡಲು ಅವನೂ ಕೇಳಿದ್ದನಂತೆ. ಬಳಗದವರಿಗೆ ಬೆಳಿಗ್ಗೆ ವಾಕಿಂಗ್ ಇರುತ್ತದೆ. ವಾಸು ಹೊಳೆಯ ಆಚೆಯ ಹೆಂಚಿನ ಕಡೆ ನೋಡಿದ. ಅಕ್ಕನಿಗೆ ಮೊದಲೇ ಫೋನ್ ಮಾಡಿ ತಿಳಿಸಿದ್ದಾನೋ ಎಂದು ಕೇಳಿದೆ. ಇಲ್ಲವಂತೆ. ಫೋನ್ ಮಾಡಿದರೆ ಅದು ಫೋನಿನ ಹೇಳಿಕೆಯಾಗುತ್ತದೆ, ಅವಳು ಕೇಳಿದ್ದು 'ಹಾರ್ನ್' ಎಂದ. ಮೇಸ್ತ್ರಿಯವರ ಹಟ ಆ ಮನೆಯಲ್ಲಿ ಯಾರನ್ನೂ ಬಿಟ್ಟಿಲ್ಲ.

ಮಾಸ್ಟ್ರ ಭಾಷಣ ಶುರುವಾಗಿತ್ತು. ರೆಕಾರ್ಡಿನ ಮೇಲೆ ಮುಳ್ಳು ಇಳಿಯುವ ಸದ್ದು ತಮ್ಮ ಬಾಲ್ಯದ ಸುಪ್ರಭಾತ ಎನ್ನುತ್ತಿದ್ದರು. ವಾಸು ಚಪ್ಪಲಿ ಬಿಟ್ಟು ದೋಣಿಗೆ ಒರಗಿಸಿದ ಏಣಿ ಹತ್ತತೊಡಗಿದ.

"ನಾನ್ ಹತ್ತತೆ, ನೀ ಇಳಿ" ಎಂದೆ. ನನ್ನ ಮಂಡಿಯೂ ಅವನ ಮಂಡಿಯೂ ಒಂದೇ ಕಂಪನಿಯವು, ಆದರೂ ಕಸುಬಿನವನು ನಾನಲ್ಲವೇ?

"ಬ್ಯಾಡ ಶೀನಣ್ಣ. ಇದ್ ನಾನೇ ತಿರುಗ್ಸ್ಕ್."

ಒಂದೊಂದು ಮೆಟ್ಟಿಲಿಗೂ ನಿಂತು ನಿಂತು ಹತ್ತಿದ. ಜನ ಭಾಷಣ ಬಿಟ್ಟು ಅವನ ಕಡೆ ನೋಡಿದರು. ಇದೂ ಕಾರ್ಯಕ್ರಮದ ಭಾಗ ಎಂದು ಕೆಲವರು ಚಪ್ಪಾಳೆ ತಟ್ಟಿದರು. ಅವನು ದೀಪದ ಸರವನ್ನು ಕಿತ್ತು ಕೆಳಗೆಸೆದು, ಹಗ್ಗ ಸಡಿಲಿಸಿ, ಎರಡೂ ಕೈಯಲ್ಲಿ ಹಾರ್ನನ್ನು ಹಿಡಿದು ತಿರುಗಿಸಿದ. ಕ್ಲಾಂಪು ಕಿರ್ರೆಂದಿತು. ಹಾರ್ನು ಬೆನ್ನನ್ನು ಸಭೆಗೆ ಮಾಡಿ, ಮುಖವನ್ನು ಹೊಳೆಗೆ ಮಾಡಿತು. ಮುಳುಗುವ ಸೂರ್ಯನ ಬೆಳಕು ನೇರ ಅದರ ಬಾಯಿಗೆ ಬಿದ್ದು ಹೊಸ ಬಣ್ಣ ಕಣ್ಣು ಕುಕ್ಕಿತು.

ಹಾರ್ನು ಕಟ್ಟಿದ ಮೇಲೆ ಹಾಡಿಲ್ಲದೆ ಇರಿಸುವುದು ನಮ್ಮ ಮರ್ಯಾದೆಯಲ್ಲ. ನಾನು ಓಡಾಡಿ ವಯರು ಎಳೆದೆ. ಆಂಪ್ಲಿಫೈಯರು ಸುಟ್ಟ ಧೂಳಿನ ವಾಸನೆ ಬಿಟ್ಟು ಗುಂಯ್ ಎಂದಿತು. ಪ್ಲೇಯರ್ ತಿರುಗಲೇ ಇಲ್ಲ. ಕೊನೆಗೆ ಇಂಜಿನಿಯರನ ಮೊಬೈಲನ್ನೇ ಸಿಕ್ಕಿಸಿ ಒಂದು ಎಪ್ಪತ್ತರ ಹಾಡು ಹಾಕಿದೆವು. ಮುಳ್ಳಿನ ಸದ್ದಿನ ಸುಪ್ರಭಾತ ಇನ್ನೂ ವೇದಿಕೆಯಲ್ಲಿ ನಡೆದಿತ್ತು. ಹಾರ್ನು ಗಂಟಲು ಕಟ್ಟಿದ ಸ್ವರದಲ್ಲಿ ಹೊಳೆಗೆ ಹಾಡಿತು, ಗಾಳಿ ಆ ಹಾಡನ್ನೆಲ್ಲ ಬಾಚಿ ತಂದು ನಮ್ಮ ಮುಖಕ್ಕೇ ಎಸೆಯಿತು.

ಇಳಿಯಲು ಹೋದರೆ ವಾಸುವಿನ ಮಂಡಿ ಹಿಡಿದುಕೊಂಡಿತು. ಅವನು ಏಣಿಯ ಮೇಲೇ ನಿಂತು ಆಚೆ ದಡ ನೋಡುತ್ತಿದ್ದ. ಒಂದು ಬಾರ್ಜು ಬಂತು, ಬೈಕುಗಳು ಇಳಿದವು, ಅವಳಿಲ್ಲ. ಅವನ ಮುಖ ನೋಡಲಾಗದೆ ನಾನು ವಯರು ಸರಿಮಾಡುವ ನಟನೆ ಮಾಡಿದೆ. ವೇದಿಕೆಯಲ್ಲಿ ಹಾಡು ಶುರುವಾಯಿತು. ಆಮೇಲಿನ ಬಾರ್ಜಿನಲ್ಲಿ, ಎಲ್ಲರೂ ಇಳಿದ ಮೇಲೆ, ಕೊಡೆಯನ್ನು ಕೋಲಿನ ಹಾಗೆ ಊರಿಕೊಂಡು ಒಬ್ಬ ಮುದುಕಿ ಇಳಿದಳು. ಇನ್ನೊಂದು ಕೈಯಲ್ಲಿ ಮೀನಿನ ಚೀಲ. ಸೀರೆ ಕೆಂಪಿನದ್ದಲ್ಲ, ಮಡಿಕೆ ಮಾತ್ರ ಹೊಸದು.

ನೇರ ಏಣಿಯ ಬುಡಕ್ಕೆ ಬಂದು ತಲೆಯೆತ್ತಿದಳು.

"ಇಳಿ. ಬಿದ್ರೆ ನಾನ್ ಎತ್ತುಕಾತಿಲ್ಲ."

ನಾನೂ ಇಂಜಿನಿಯರನೂ ಸೇರಿ ವಾಸುವನ್ನು ಮೂಟೆಯಂತೆ ಇಳಿಸಿದೆವು. ಅವನ ಕಣ್ಣಲ್ಲಿ ನೀರು ಬರುತ್ತಿತ್ತು, ಕೇಳಿದ್ದು ಮಾತ್ರ ಇದು: "ಅಕ್ಕ, ಹಾಡ್ ಕೇಂಡಿತಾ?"

"ಎಂತ ಹಾಡ್? ಗಾಳಿ ನಮ್ ಬದಿಂದ ಬೀಸ್ತಿತ್, ಒಂದೂ ಕೇಂಬ್ಲಿಲ್ಲೆ" ಎಂದಳು ಗಿರಿಜಕ್ಕ. "ಅಂಗಳದಲ್ಲ್ ಮೀನ್ ಹೆಕ್ಕ್ತಿದ್ದೆ. ಹಾರ್ನಿನ್ ಮೊಕ ಕಂಡ್ತ್. ಬಂದೆ."

ಆಮೇಲೆ ನನ್ನ ಕಡೆ ತಿರುಗಿದಳು. "ಶೀನ, ಅದನ್ನ ನಿಲ್ಸ್. ನಂಗೆ ಇವ್ನ್ ಹತ್ರ ಮಾತಾಡುಕಿತ್ತ್."

ಆಂಪ್ಲಿಫೈಯರು ಆರಿಸಿದೆ. ಅವಳು ಆಳೆತ್ತರದ ಸ್ಪೀಕರುಗಳ ಕಡೆ ಕೊಡೆ ತೋರಿಸಿದಳು. "ಅದನ್ನೂ."

ಇಂಜಿನಿಯರ್ ನನ್ನ ಮುಖ ನೋಡಿದ. ಈ ಕಸುಬಿನಲ್ಲಿ ಯಾರ ಮಾತು ಕೇಳಬೇಕು ಎಂದು ನೀವು ಕೇಳಿದಿರಲ್ಲ, ಇಲ್ಲಿ ಹೇಳುತ್ತೇನೆ: ಅಂಥವರ ಮಾತು. ನಾನೇ ಹೋಗಿ ಮೇನ್ ಸ್ವಿಚ್ಚು ಇಳಿಸಿದೆ. ಗಾಯಕರು ಬಾಯಿ ತೆರೆದುಕೊಂಡೇ ಮೂಕರಾದರು. ಇನ್ನೂ ಅರ್ಧಕ್ಕರ್ಧ ಹಾಡು ಬಾಕಿ ಇದೆ, ಇದು ಸಂಸ್ಕೃತಿಗೆ ಮಾಡಿದ ಅಪಚಾರ ಎಂದು ಮಾಸ್ಟ್ರು ಕೂಗಾಡಿದರು. ಹಳೆಯ ಸ್ವರ ಹಾಗೇ ಇತ್ತು. ನಾನು ಸಾಹುಕಾರರಂತೆ ನಕ್ಕು ತಲೆಯಾಡಿಸಿದೆ.

ಅಕ್ಕ ತಮ್ಮ ಇಬ್ಬರೂ ಮನೆಯ ಮೆಟ್ಟಿಲು ಹತ್ತಿ ಒಳಗೆ ಹೋದರು. ಸ್ವಲ್ಪ ಹೊತ್ತಿನಲ್ಲಿ ಗಿರಿಜಕ್ಕ ವಾಸುವಿಗೆ ಬೈಯುವುದು ಕೇಳಿಸತೊಡಗಿತು. ಮದುವೆಯ ದಿನದಿಂದ ಹಿಡಿದು ಒಂದೊಂದನ್ನೇ ಎತ್ತಿ ಎತ್ತಿ ಬೈಯುತ್ತಿದ್ದಳು. ಗಾಳಿ ಎದುರಿದ್ದರೂ ಬಾರ್ಜಿನ ಕಟ್ಟೆಯವರೆಗೆ ಸ್ಪಷ್ಟವಾಗಿ ಕೇಳುತ್ತಿತ್ತು. ಹೊಳೆಯ ದಡದ ನಾಯಿಗಳು ಎದ್ದು ಕೂತವು.